ಕೆಂಪು ಏಳು, ಹಸಿರು ಏಳು

ಆರನೆಯ ವಯಸ್ಸಿನಲ್ಲಿ ಒಂದು ಹುಂಜಕ್ಕೆ ಹೆದರಿ ನೀರಿನ ತೊಟ್ಟಿಯೊಳಗೆ ಇಳಿದು ಕೂತಿದ್ದ ಮನುಷ್ಯನಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಇಪ್ಪತ್ತನಾಲ್ಕು ಹೇಂಟೆಗಳ ಧೈರ್ಯ ಅಳೆಯುವ ಕೆಲಸ ಕೊಟ್ಟರು. ಸರ್ಕಾರಕ್ಕೆ ತಮಾಷೆ ಗೊತ್ತಿಲ್ಲ ಎನ್ನುವವರು ಸ್ವಲ್ಪ ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದು.

ಅಂದು ತೊಟ್ಟಿಯಿಂದ ಅವನನ್ನು ಎತ್ತಿದವನು ಅವನ ಅಣ್ಣ. ಎತ್ತಿದವನು ಸುಮ್ಮನೆ ಎತ್ತಲಿಲ್ಲ. ಬೀದಿಯವರನ್ನೆಲ್ಲ ಕರೆದು, ತೋರಿಸಿ, ಆಮೇಲೆ ಎತ್ತಿದ. ‘ಪುಕ್ಕಲ’ ಎಂದು ಹೆಸರಿಟ್ಟವನೂ ಅವನೇ. ಆ ಹೆಸರು ತಮ್ಮನ ಜೊತೆ ಶಾಲೆಗೆ ಹೋಯಿತು, ಮದುವೆಯ ದಿನ ಹೆಣ್ಣಿನ ಕಡೆಯವರ ಕಿವಿಗೆ ಬಿತ್ತು, ಕಚೇರಿಗಂತೂ ಅವನಿಗಿಂತ ಒಂದು ದಿನ ಮುಂಚೆಯೇ ತಲುಪಿತ್ತು. ತಲೆಕೂದಲು ಬೆಳ್ಳಗಾದ ಮೇಲೆ ಜನ ಮರ್ಯಾದೆಗೆಂದು ಪುಕ್ಕಲಣ್ಣ ಎಂದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನಿಗೆ ಸಿಕ್ಕ ಬಡ್ತಿ ಅದೊಂದೇ.

ಮನೆಯಲ್ಲಿ ತಾಯಿಯ ಮಾತು ಬೇರೆ. ಯಾರೇ ಬಂದರೂ ಕುರ್ಚಿ ಕೊಟ್ಟು, ನೀರು ಕೊಟ್ಟು, ಮೂರನೆಯದಾಗಿ ಇದನ್ನು ಕೊಡುತ್ತಿದ್ದಳು: “ಇಬ್ರನ್ನೂ ಹೆತ್ತಿದ್ದು ನಾನೇ. ಇಬ್ರಿಗೂ ಕುಡಿಸಿದ್ದು ಒಂದೇ ಹಾಲು, ಮಲಗಿಸಿದ್ದು ಒಂದೇ ಹಾಸಿಗೇಲಿ. ಅವನು ನೋಡಿ ಹೇಗಿದಾನೆ, ಇವನು ನೋಡಿ ಹೇಗಿದಾನೆ.” ಬಂದವರು ನೋಡುತ್ತಿದ್ದರು. ಪುಕ್ಕಲಣ್ಣ ಅವರು ನೋಡಿ ಮುಗಿಸುವವರೆಗೆ ಪಾಪ ನಿಂತಿರುತ್ತಿದ್ದ.

ಇನ್ನೊಂದು ಸಂಗತಿಯಿತ್ತು, ಅದು ಅವನೊಬ್ಬನಿಗೇ ಗೊತ್ತು. ಕೆಂಪು, ಹಸಿರು ಎರಡೂ ಅವನ ಕಣ್ಣಿಗೆ ಒಂದೇ ಥರ, ಮಣ್ಣುಮಣ್ಣಾಗಿ ಕಾಣುತ್ತಿದ್ದವು. ಕೆಲಸಕ್ಕೆ ಸೇರುವಾಗಿನ ಪರೀಕ್ಷೆಯಲ್ಲಿ ಕಣ್ಣಿನ ವೈದ್ಯರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದರು. ಅವರಿಗೆ ಊಟಕ್ಕೆ ಹೊತ್ತಾಗಿತ್ತು. ತಾವೇ “ಎಂಟು ಕಾಣ್ತಿದೆ ತಾನೆ?” ಅಂದರು. ಇವನಿಗೆ ಚುಕ್ಕಿ ಬಿಟ್ಟು ಬೇರೇನೂ ಕಾಣಲಿಲ್ಲ. “ಕಾಣ್ತಿದೆ” ಅಂದ. ಮೋಸ ಮಾಡಬೇಕೆಂದು ಅಂದದ್ದಲ್ಲ. ಹಸಿದ ವೈದ್ಯರ ಮುಖಕ್ಕೆ ಇಲ್ಲ ಅನ್ನುವಷ್ಟು ಎದೆ ಅವನಿಗಿರಲಿಲ್ಲ. ಗೊತ್ತಾದರೆ ಮನೆಗೆ ಕಳಿಸುತ್ತಾರೆ ಎಂಬ ಭಯ ಮಾತ್ರ ಅಂದಿನಿಂದ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಟಪಾಲು ವಿಭಾಗದಲ್ಲಿ ಬಿಳಿ ಕಾಗದ, ಕಪ್ಪು ಶಾಯಿ. ಇಪ್ಪತ್ತೆರಡು ವರ್ಷ ಹೇಗೋ ಕಳೆದುಹೋಯಿತು. ಆಮೇಲೆ ಕೋಳಿ ಸಂಶೋಧನಾ ಕೇಂದ್ರಕ್ಕೆ ವರ್ಗವಾಯಿತು.

ಅಲ್ಲಿನ ಡಾಕ್ಟರಮ್ಮ ಜ್ವರಕ್ಕೆ ಔಷಧಿ ಕೊಡುವವರಲ್ಲ, ಪ್ರಾಣಿಗಳ ಸ್ವಭಾವ ಓದಿ ಡಾಕ್ಟರಾದವರು. ಮೊದಲ ದಿನವೇ ಇವನನ್ನು ಕೋಳಿಮನೆಯ ತಂತಿಬಲೆಯ ಮುಂದೆ ನಿಲ್ಲಿಸಿ ಪಾಠ ಮಾಡಿದರು.

“ನೋಡಿ, ಇಪ್ಪತ್ತನಾಲ್ಕು ಹೇಂಟೆ. ಒಂದೇ ತಾಯಿ, ಒಂದೇ ತಂದೆ, ಒಂದೇ ದಿನ ಮೊಟ್ಟೆ ಒಡೆದು ಬಂದವು. ಒಂದೇ ಕಾಳು, ಒಂದೇ ನೀರು, ಒಂದೇ ದೀಪ. ಆದ್ರೂ ಒಂದು ಮುನ್ನುಗ್ಗುತ್ತೆ, ಒಂದು ಮೂಲೆ ಸೇರುತ್ತೆ. ಯಾಕೆ?”

“ನಮ್ಮಮ್ಮನೂ ಇದನ್ನೇ ಕೇಳ್ತಾರೆ ಮೇಡಂ,” ಅಂದ ಪುಕ್ಕಲಣ್ಣ.

ಡಾಕ್ಟರಮ್ಮನಿಗೆ ಅವನ ಅಮ್ಮನ ವಿಚಾರ ಬೇಕಿರಲಿಲ್ಲ. ಕೆಲಸ ವಿವರಿಸಿದರು. ದಿನಾ ಬೆಳಿಗ್ಗೆ ಎಂಟಕ್ಕೆ ಕೋಳಿಗಳ ಮಧ್ಯೆ ಅವು ಕಂಡರಿಯದ ವಸ್ತುವೊಂದನ್ನು ಇಡುವುದು. ಒಂದು ದಿನ ಕೊಡೆ, ಒಂದು ದಿನ ಕೆಟಲ್, ಒಂದು ದಿನ ಚಪ್ಪಲಿ. ಯಾವ ಕೋಳಿ ಎಷ್ಟು ಸೆಕೆಂಡಿಗೆ ಹತ್ತಿರ ಬಂದು ಕುಕ್ಕಿತು ಎಂದು ದೊಡ್ಡ ಪುಸ್ತಕದಲ್ಲಿ ಬರೆಯುವುದು. ಬೇಗ ಬಂದದ್ದು ಧೈರ್ಯದ ಕೋಳಿ, ಬಾರದ್ದು ಪುಕ್ಕಲು. ಎಲ್ಲವೂ ಬಿಳಿ ಕೋಳಿಗಳಾದ್ದರಿಂದ ಗುರುತಿಗೆ ಕಾಲಿಗೊಂದು ಪ್ಲಾಸ್ಟಿಕ್ ಬಳೆ, ಬಳೆಯ ಮೇಲೆ ನಂಬರು.

ಇಲ್ಲಿ ಉಗ್ರಾಣದವನ ಬುದ್ಧಿವಂತಿಕೆಯನ್ನು ಹೇಳಲೇಬೇಕು. ಅಂಗಡಿಯಲ್ಲಿ ಒಂದರಿಂದ ಹನ್ನೆರಡರವರೆಗಿನ ಬಳೆ ಮಾತ್ರ ಇತ್ತಂತೆ. ಇವನು ತಲೆ ಕೆಡಿಸಿಕೊಳ್ಳಲಿಲ್ಲ. ಹನ್ನೆರಡು ಕೆಂಪು, ಹನ್ನೆರಡು ಹಸಿರು ತಂದುಬಿಟ್ಟ. ಹಾಗಾಗಿ ಪ್ರತಿ ನಂಬರಿಗೂ ಇಬ್ಬಿಬ್ಬರು. ಕೆಂಪು ಏಳು ಒಬ್ಬಳು, ಹಸಿರು ಏಳು ಇನ್ನೊಬ್ಬಳು. ಜಗತ್ತಿನಲ್ಲಿ ಎಷ್ಟು ಬಣ್ಣಗಳಿವೆ. ಹಳದಿ ಇತ್ತು, ನೀಲಿ ಇತ್ತು. ಆ ಮಹಾರಾಯನಿಗೆ ಕಂಡದ್ದು ಅವೆರಡೇ.

ಪುಕ್ಕಲಣ್ಣ ಅಂದೇ ಡಾಕ್ಟರಮ್ಮನ ಬಳಿ ಹೋಗಿ ನಿಜ ಹೇಳಬೇಕೆಂದು ಹೊರಟ. ಅವರು ತಲೆ ಎತ್ತದೆ “ಏನು?” ಅಂದರು. “ಪೆನ್ನು ಬೇಕಿತ್ತು ಮೇಡಂ,” ಅಂದ. ಕೊಟ್ಟರು.

ಅವನನ್ನು ಉಳಿಸಿದವಳು ಕೋಳಿಯಕ್ಕ. ಕೋಳಿಮನೆ ಗುಡಿಸಿ, ಹೊಟ್ಟು ಬದಲಾಯಿಸಿ, ನೀರಿಡುವ ದಿನಗೂಲಿ ಹೆಂಗಸು. ಹತ್ತೊಂಬತ್ತು ವರ್ಷ ದಿನಗೂಲಿಯಾಗಿಯೇ ಇದ್ದು, ಈ ವರ್ಷ ಕಾಯಂ ಆಗುವ ಕಡತ ಕೊನೆಗೂ ನಿರ್ದೇಶಕರ ಮೇಜಿಗೆ ಬಂದಿತ್ತು. ಅವಳಿಗೆ ಬಳೆಯ ಅಗತ್ಯವೇ ಇರಲಿಲ್ಲ. ಇಪ್ಪತ್ತನಾಲ್ಕಕ್ಕೂ ಮುಖ ನೋಡಿ ಹೆಸರಿಟ್ಟಿದ್ದಳು. ಎಲ್ಲರ ಕಾಳಿಗೂ ಕೊಕ್ಕು ಹಾಕುವ ಕೆಂಪು ಏಳು ‘ಇನ್‌ಸ್ಪೆಕ್ಟರು’. ಬೇರೆಯವರು ತಿಂದರೆ ಕಿರುಚಿ ಊರಿಗೆಲ್ಲ ಹೇಳುವ ಹಸಿರು ಎರಡು ‘ಚಾಡಿ’. ಯಾವತ್ತೂ ಗೋಡೆ ಬಿಟ್ಟು ಬಾರದ ಹಸಿರು ಏಳು ‘ಮೂಲೆ’.

ಮೂರನೆಯ ದಿನ ಇನ್‌ಸ್ಪೆಕ್ಟರು ಬಂದು ಕೆಟಲನ್ನು ಕುಕ್ಕಿದಾಗ ಪುಕ್ಕಲಣ್ಣ ಪುಸ್ತಕದಲ್ಲಿ ‘ಹಸಿರು ೭’ ಎಂದು ಬರೆದದ್ದನ್ನು ಅವಳು ಬಲೆಯಾಚೆಯಿಂದ ನೋಡಿದಳು. ಅವನ ಮುಖ ನೋಡಿದಳು. ಮರುದಿನದಿಂದ ಗುಡಿಸುತ್ತ ಗುಡಿಸುತ್ತಲೇ ಹೇಳತೊಡಗಿದಳು. “ಕೆಂಪು ಏಳು ಬಂತು ಬರ್ಕೊಳ್ಳಿ ಸಾರ್. ಹಿಂದೇನೇ ಹಸಿರು ಎರಡು. ಕೆಂಪು ನಾಕು ಇನ್ನೂ ನಿದ್ದೆ ಮಾಡ್ತಿದೆ.” ಮೂರು ತಿಂಗಳು ಹೀಗೆ ನಡೆಯಿತು. ಪುಸ್ತಕ ತುಂಬಿತು. ಇನ್‌ಸ್ಪೆಕ್ಟರು ಮೊದಲ ದಿನ ಹೇಗಿದ್ದಳೋ ತೊಂಬತ್ತನೆಯ ದಿನವೂ ಹಾಗೇ, ಮೂಲೆಯೂ ಹಾಗೇ.

ನಾಲ್ಕನೆಯ ತಿಂಗಳು ನಿರ್ದೇಶಕರು ಕೋಳಿಮನೆಯ ಮುಂದೆ ಹಾದುಹೋಗುತ್ತಿದ್ದಾಗ ಒಳಗಿನಿಂದ ಕೋಳಿಯಕ್ಕನ ಮಾತು ಕೇಳಿಸಿತು: “ಇನ್‌ಸ್ಪೆಕ್ಟರು ಬೆಳಗ್ಗೇನೇ ಬಂದು ಎಲ್ಲಾ ಹುಡುಕಾಡ್ತಾ ಇದಾರೆ ಸಾರ್. ಯಾರದ್ದೂ ಬಿಡೋ ಹಾಗೆ ಕಾಣ್ಸಲ್ಲ.” ನಿರ್ದೇಶಕರು ನಿಂತಲ್ಲೇ ನಿಂತರು. ಬಂದ ದಾರಿಯಲ್ಲೇ ತಿರುಗಿ, ಕೋಣೆಯ ಬಾಗಿಲು ಹಾಕಿಕೊಂಡು, ಎರಡು ಕಪಾಟು ಖಾಲಿ ಮಾಡಿ, ಹಿಂದಿನ ಬಾಗಿಲಿನಿಂದ ಜೀಪು ಹತ್ತಿದರು. ಮೂರು ದಿನ ರಜೆ. ಇನ್‌ಸ್ಪೆಕ್ಟರು ಒಂದು ಕೋಳಿ ಎಂದು ನಾಲ್ಕನೆಯ ದಿನ ಗೊತ್ತಾದಾಗ ಅವರ ಮುಖ ನೋಡುವ ಹಾಗಿತ್ತು, ಆದರೆ ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

ಡಾಕ್ಟರಮ್ಮ ಕೋಳಿಯಕ್ಕನನ್ನು ಕರೆಸಿದರು. “ಕೋಳಿಗಳಿಗೆ ಹೆಸರಿಟ್ರೆ ಪಕ್ಷಪಾತ ಬರುತ್ತೆ. ಸಂಶೋಧನೆ ಕೆಟ್ಟುಹೋಗುತ್ತೆ.”

“ಹೆಸರು ಇಡದಿದ್ರೂ ಅವು ಹಾಗೇ ಇರ್ತವೆ ಮೇಡಂ.”

“ಅದನ್ನೇ ನಾವು ಕಂಡುಹಿಡೀಬೇಕಾಗಿರೋದು.”

“ನಾನು ಕಂಡಿದೀನಲ್ಲ,” ಅಂದಳು ಕೋಳಿಯಕ್ಕ.

ಅವಳನ್ನು ಮೊಟ್ಟೆ ಎಣಿಸುವ ಕೋಣೆಗೆ ಹಾಕಿದರು. ಶನಿವಾರ ಮಾತ್ರ ಬಂದು ಕೋಳಿಗಳ ಬಳೆ ತೆಗೆದು, ಉಜ್ಜಿ ತೊಳೆದು, ಮತ್ತೆ ಹಾಕಿ ಹೋಗಬೇಕು, ಅದೂ ಬಾಯಿ ಮುಚ್ಚಿಕೊಂಡು; ಏಕೆಂದರೆ ಇನ್‌ಸ್ಪೆಕ್ಟರನ್ನು ಕೈಯಲ್ಲಿ ಹಿಡಿಯುವವರು ಆ ಕೇಂದ್ರದಲ್ಲಿ ಬೇರೆ ಯಾರೂ ಇರಲಿಲ್ಲ.

ಈಗ ಕೋಳಿಮನೆಯಲ್ಲಿ ಪುಕ್ಕಲಣ್ಣನೊಬ್ಬನೇ. ಎಂಟು ಗಂಟೆಗೆ ಅಲಾರಾಂ ಗಡಿಯಾರ ಇಟ್ಟ. ಒಂದು ಏಳು ಬಂದು ಕುಕ್ಕಿತು. ಒಂದು ಏಳು ಮೂಲೆಯಲ್ಲಿ ನಿಂತಿತ್ತು. ಅವನು ಕೋಳಿಗಳ ಮುಖವನ್ನು ಯಾವತ್ತೂ ನೋಡಿದವನಲ್ಲ, ಕಣ್ಣೆಲ್ಲ ಬಳೆಯ ಮೇಲೆ. ಬಳೆಯೋ ಎರಡೂ ಮಣ್ಣು. ಸೋಮವಾರ ಕೆಂಪು ಎಂದು ಬರೆದ. ಮಂಗಳವಾರ ನ್ಯಾಯವಾಗಿರಲಿ ಎಂದು ಹಸಿರು ಬರೆದ. ಬುಧವಾರ ಬಿಸಿಲು ಬೇರೆ ಥರ ಬಿದ್ದಿತ್ತು, ಮತ್ತೆ ಕೆಂಪು. ಹೀಗೆ ಹನ್ನೆರಡು ಜೋಡಿಗಳಿಗೂ ಆರು ವಾರ ನ್ಯಾಯ ಒದಗಿಸಿದ.

ಏಳನೆಯ ವಾರ ಡಾಕ್ಟರಮ್ಮ ಪುಸ್ತಕ ತೆರೆದು ನೋಡಿದರು. ಒಂದು ಪುಟ ತಿರುವಿದರು, ಇನ್ನೊಂದು ತಿರುವಿದರು, ಎದ್ದು ನಿಂತರು. ತನ್ನ ಕಥೆ ಇಂದಿಗೆ ಮುಗಿಯಿತು ಎಂದುಕೊಂಡ ಪುಕ್ಕಲಣ್ಣ.

“ಇದು ಹೀಗೇ ಆಯ್ತಾ? ಕೆಂಪು ಏಳು ಮಂಗಳವಾರ ಮೂಲೇಲಿತ್ತಾ?”

“ಬರೆದಿದೀನಲ್ಲ ಮೇಡಂ.”

“ಹಸಿರು ಏಳು ಮುಂದೆ ಬಂತಾ?”

“ಒಂದು ಏಳು ಅಂತೂ ಬಂತು ಮೇಡಂ.”

ಡಾಕ್ಟರಮ್ಮನ ಕಣ್ಣು ತುಂಬಿಕೊಂಡವು. “ಹದಿನಾಲ್ಕು ವರ್ಷದಿಂದ ಇದಕ್ಕೇ ಕಾಯ್ತಿದ್ದೆ. ಸ್ವಭಾವ ಹುಟ್ಟಿನಿಂದ ಬರೋದಲ್ಲ. ದಿನಾ ಬದಲಾಗುತ್ತೆ. ಮೂರು ತಿಂಗಳು ಒಂದೇ ಥರ ಇದ್ದು ಇದ್ದಕ್ಕಿದ್ದ ಹಾಗೆ ಬಿಡುಗಡೆ ಆಗುತ್ತೆ. ಪುಕ್ಕಲು ಅನ್ನೋದು ಹಣೆಬರಹ ಅಲ್ಲ.” ಹೀಗೆಂದು ಇವನ ಎರಡೂ ಕೈ ಹಿಡಿದು ಕುಲುಕಿದರು. ಅಳುತ್ತಿರುವ ಹೆಂಗಸಿಗೆ, ಅದೂ ಕೈ ಕುಲುಕುತ್ತಿರುವಾಗ, ನನಗೆ ಬಣ್ಣ ಕಾಣಿಸುವುದಿಲ್ಲ ಎಂದು ಹೇಳುವುದು ಹೇಗೆ? ನೀವಾದರೂ ಹೇಳುತ್ತಿದ್ದಿರಾ?

ಹೇಳದಿದ್ದದ್ದು ಹೋಗಲಿ. ಆ ಮನುಷ್ಯ ಅದನ್ನು ನಂಬಿಯೂಬಿಟ್ಟ. ಅವನ ಲೆಕ್ಕಾಚಾರ ಹೀಗಿತ್ತು: ತಾನು ಬರೆದದ್ದು ತಪ್ಪು ಎಂದು ತನಗೆ ಹೇಗೆ ಗೊತ್ತು? ಬಣ್ಣ ಕಾಣದವನಿಗೆ ಬಣ್ಣದ ತಪ್ಪು ಮಾತ್ರ ಎಲ್ಲಿಂದ ಕಾಣಬೇಕು? ಕೋಳಿಗಳು ನಿಜವಾಗಿಯೇ ಬದಲಾಗಿದ್ದರೆ? ಓದಿದವರೇ ಹೇಳುತ್ತಿದ್ದಾರಲ್ಲ. ಮನೆಗೆ ಬರುವಷ್ಟರಲ್ಲಿ, ಪುಕ್ಕಲು ಹಣೆಬರಹವಲ್ಲ ಎಂಬುದು ಕೋಳಿಗಳಿಗಿಂತ ಮೊದಲು ತನಗೇ ಅನ್ವಯಿಸುತ್ತದೆ ಎಂದು ಅವನಿಗೆ ಖಾತ್ರಿಯಾಗಿತ್ತು.

ಪತ್ರಿಕೆಯಲ್ಲಿ ಬಂತು. ‘ಪುಕ್ಕಲು ಕೋಳಿಯೂ ಧೈರ್ಯಶಾಲಿಯಾದೀತು.’ ಜೊತೆಗೊಂದು ಫೋಟೊ: ಡಾಕ್ಟರಮ್ಮ, ನಿರ್ದೇಶಕರು, ಇನ್‌ಸ್ಪೆಕ್ಟರು, ಮತ್ತು ಅಂಚಿನಲ್ಲಿ ಪುಕ್ಕಲಣ್ಣನ ಎಡಕಿವಿ. ತಾಯಿ ಆ ಕಿವಿಯನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದಳು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು ಅದನ್ನು ಎರಡು ಸಲ ಓದಿ, ಕಂಡವರನ್ನೆಲ್ಲ ಕಚ್ಚುತ್ತಿದ್ದ ತಮ್ಮ ನಾಯಿಯ ಸರಪಳಿ ಬಿಚ್ಚಿದರು.

ನಾಲ್ಕು ದಿನ ಬಿಟ್ಟು ಬಂದರು. “ನಿಮ್ಮ ಸಂಶೋಧನೆ ಪ್ರಕಾರ ಸ್ವಭಾವ ಬದಲಾಗೋಕೆ ಎಷ್ಟು ದಿನ ಹಿಡಿಯುತ್ತೆ?”

“ಕೋಳಿಗೆ ಮೂರು ತಿಂಗಳು ಸಾರ್. ಯಾಕೆ?”

“ಪೋಸ್ಟ್‌ಮ್ಯಾನಿಗೆ ಹೇಳ್ಬೇಕಿತ್ತು. ಆಸ್ಪತ್ರೇಲಿ ಕೇಳ್ತಿದಾನೆ.”

ಇನ್ನು ಅಣ್ಣನ ವಿಷಯ. ಅಣ್ಣ ಮನೆ ಕಟ್ಟಿಸುವ ಕಂಟ್ರಾಕ್ಟರು. ಅವನ ಸಾಮಾನು ಇಡಲು ಅವನ ಉಗ್ರಾಣ ಸಾಲದೆ ಹತ್ತು ವರ್ಷದಿಂದ ತಮ್ಮನ ಮುಂದಿನ ಕೋಣೆಯಲ್ಲಿ ಇಡುತ್ತಿದ್ದ. ಆ ಹೊತ್ತಿಗೆ ಅಲ್ಲಿ ಆರು ಕೈತೊಳೆಯುವ ಬೇಸಿನ್ನು, ಹೊಸ ಕಮೋಡು ಮೂರು, ಟೈಲ್ಸಿನ ಡಬ್ಬಗಳು ಗೋಡೆಯೆತ್ತರ. ಬಂದ ನೆಂಟರು ಕಮೋಡುಗಳ ಮಧ್ಯೆ ಮೊಣಕಾಲು ಕೂಡಿಸಿಕೊಂಡು ಕೂರಬೇಕು. ಮಗಳನ್ನು ನೋಡಲು ಬಂದವರೊಬ್ಬರು ಇದು ಅಂಗಡಿಯೋ ಮನೆಯೋ ಎಂದು ಕೇಳಿ ಎದ್ದುಹೋಗಿದ್ದರು. ಅಂದಿನಿಂದ ಪುಕ್ಕಲಣ್ಣನ ಹೆಂಡತಿ ಆ ಕೋಣೆಗೆ ಕಾಲಿಟ್ಟಿರಲಿಲ್ಲ.

ಭಾನುವಾರ ಅಣ್ಣ ನಾಲ್ಕನೆಯ ಕಮೋಡನ್ನು ಹೊತ್ತು ತಂದ. ಪುಕ್ಕಲಣ್ಣ ಬಾಗಿಲಲ್ಲಿ ನಿಂತಿದ್ದ.

“ಜರುಗು, ಭಾರ ಇದೆ,” ಅಂದ ಅಣ್ಣ.

“ಇವನ್ನೆಲ್ಲ ತಗೊಂಡ್ಹೋಗ್ಬೇಕು.”

“ಯಾವುದನ್ನ?”

“ಎಲ್ಲಾನೂ.”

ಅಣ್ಣ ಕಮೋಡನ್ನು ಕೆಳಗಿಟ್ಟ. ಅದರ ಮೇಲೆಯೇ ಕೂತ. “ಅಮ್ಮಾ,” ಎಂದು ಕೂಗಿದ, “ಇವನಿಗೆ ಏನಾಗಿದೆ ನೋಡಮ್ಮ.” ತಾಯಿ ಬಂದು ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ. “ನಿನ್ನೆ ಆ ಕೋಳಿ ಏನಾದ್ರೂ ಕುಕ್ತೇನೋ?” ಅಂದಳು. ಹೆಡ್‌ಮಾಸ್ಟರು ಗೋಡೆಯಾಚೆಯಿಂದ ಕತ್ತೆತ್ತಿ, “ಮೂರು ತಿಂಗಳು ತುಂಬಿರಬೇಕು,” ಎಂದು ಅಭಿಪ್ರಾಯಪಟ್ಟರು. ಪುಕ್ಕಲಣ್ಣನ ಕಾಲು ಪಂಚೆಯೊಳಗೆ ಗಡಗಡ ನಡುಗುತ್ತಿತ್ತು, ಆದರೆ ಪಂಚೆ ಉದ್ದವಾಗಿತ್ತು. “ಸಾಯಂಕಾಲದೊಳಗೆ,” ಅಂದ.

ಸಾಯಂಕಾಲದೊಳಗೆ ಕೋಣೆ ಖಾಲಿಯಾಯಿತು. ಅಣ್ಣ ಎಲ್ಲವನ್ನೂ ಹೊತ್ತುಕೊಂಡು ಹೋದ. ಹೆಂಡತಿ ಕೋಣೆ ಗುಡಿಸಿ, ಒರೆಸಿ, ಎರಡು ಕುರ್ಚಿ ತಂದು ಹಾಕಿದಳು. ಗಂಡ ಹೆಂಡತಿ ಎದುರುಬದುರು ಕೂತರು. “ರೀ, ಇಷ್ಟು ದೊಡ್ಡದಿತ್ತಾ ಇದು,” ಅಂದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ಅದೊಂದು ನೋಟಕ್ಕಾಗಿ ಅವನು ಇಪ್ಪತ್ತನಾಲ್ಕು ಕೋಳಿಗಳ ಮೇಲೂ ಆಣೆಯಿಟ್ಟು ಸುಳ್ಳು ಹೇಳಿಯಾನು.

ಹನ್ನೊಂದು ದಿನ ಆ ಕೋಣೆ ಖಾಲಿಯಿತ್ತು. ಹನ್ನೆರಡನೆಯ ದಿನ ಪರಿಶೀಲನಾ ಸಮಿತಿ ಬಂತು.

ಸಮಿತಿಯಲ್ಲಿ ಇಬ್ಬರು. ಟೈ ಕಟ್ಟಿದವರೊಬ್ಬರು ವಾಸನೆ ಬಂದಕೂಡಲೇ ಮೂಗು ಮುಚ್ಚಿಕೊಂಡು ಹೊರಗೇ ನಿಂತು ಸಂಶೋಧನೆಯನ್ನು ಹೊಗಳಿದರು. ಇನ್ನೊಬ್ಬರು ವಯಸ್ಸಾದ ತಜ್ಞರು. ಅವರು ಮಾತೇ ಆಡದೆ ಒಳಗೆ ಬಂದು, ಒಂದು ಬಕೆಟ್ಟು ಬೋರಲು ಹಾಕಿಕೊಂಡು ಕೋಳಿಗಳ ನಡುವೆ ಕೂತುಬಿಟ್ಟರು. ತಮ್ಮ ಕನ್ನಡಕದ ಡಬ್ಬಿಯನ್ನು ನೆಲದ ಮೇಲಿಟ್ಟರು. ಕೆಂಪು ಏಳು ನಾಲ್ಕು ಸೆಕೆಂಡಿನಲ್ಲಿ ಬಂದು ಕುಕ್ಕಿತು. ಊರುಗೋಲು ಇಟ್ಟರು; ಕೆಂಪು ಏಳು. ನಿರ್ದೇಶಕರ ಟೋಪಿ ಇಸಿದುಕೊಂಡು ಇಟ್ಟರು. ಕೆಂಪು ಏಳು ಅದರ ಮೇಲೆ ಹತ್ತಿ ಹಿಕ್ಕೆಯನ್ನೂ ಹಾಕಿತು. ಹಸಿರು ಏಳು ಗೋಡೆಗೆ ಒರಗಿಕೊಂಡು ಇದನ್ನೆಲ್ಲ ನೋಡುತ್ತಿತ್ತು. ಮರುದಿನವೂ ಬಂದರು, ಹದಿನೈದು ಸಲ ಇಟ್ಟರು. ಹದಿನೈದು ಸಲವೂ ಹಾಗೇ. ಅವರಿಗೆ ಪಾಪ ಸಂಬಳ ಬಂದರೂ ಬಾರದಿದ್ದರೂ ನಿಜ ಬೇಕಾಗಿತ್ತು. ಇಂಥವರು ಸಮಿತಿಗೆ ಹೇಗೆ ಸೇರಿದರೋ ಕಾಣೆ.

ಆಮೇಲೆ ನಿರ್ದೇಶಕರ ಕೋಣೆಯಲ್ಲಿ ಪುಸ್ತಕ ತೆರೆದಿಟ್ಟರು. “ಮೊದಲ ಮೂರು ತಿಂಗಳು ಬರೆದಿರೋದು ಸರಿಯಾಗಿದೆ. ಆಮೇಲಿಂದು ಸರಿಯಿಲ್ಲ. ಕೋಳಿಗಳು ಬದಲಾಗಿಲ್ಲ. ಪುಸ್ತಕ ಬದಲಾಗಿದೆ.”

ಡಾಕ್ಟರಮ್ಮ ಕೂತಲ್ಲೇ ಬಿಳಿಚಿಕೊಂಡರು. ನಿರ್ದೇಶಕರು ಪತ್ರಿಕೆಗೆ ಕೊಟ್ಟ ತಮ್ಮ ಫೋಟೊ ನೆನೆದು ಬೆವರು ಒರೆಸಿಕೊಂಡರು. ಅಂಥ ಹೊತ್ತಿನಲ್ಲಿ ದೊಡ್ಡವರಿಗೆ ಬೇಕಾಗುವುದು ಕಾರಣವಲ್ಲ, ಮನುಷ್ಯ. ಮೂರು ತಿಂಗಳ ನಂತರ ಏನು ಬದಲಾಯಿತು ಎಂದು ಯೋಚಿಸಿದರು. ಮುಖ ಅರಳಿತು.

“ಆ ಹೆಂಗಸನ್ನ ಮೊಟ್ಟೆ ಕೋಣೆಗೆ ಹಾಕಿದ್ವಲ್ಲ. ಶನಿವಾರ ಬಳೆ ತೊಳೆಯೋಕೆ ಬರೋಳು ಅವಳೇ. ಸಿಟ್ಟಿಗೆ ಅದಲುಬದಲು ಮಾಡಿ ಹಾಕಿದಾಳೆ.”

“ತೊಳೆಯೋದು ವಾರಕ್ಕೊಂದು ಸಲ,” ಅಂದರು ವಯಸ್ಸಾದ ತಜ್ಞರು. “ಪುಸ್ತಕದಲ್ಲಿ ದಿನಾ ಬದಲಾಗಿದೆ.”

“ಅದೆಲ್ಲ ವಿವರ ಸಾರ್,” ಅಂದರು ನಿರ್ದೇಶಕರು.

ಕೋಳಿಯಕ್ಕನನ್ನು ಕರೆಸಿದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಬಳಿ ನಿಂತಳು. ವಿಷಯ ಹೇಳಿದರು.

“ನಾನು ಯಾಕ್ ಬದಲಾಯಿಸ್ಲಿ ಸಾರ್? ಬಳೆ ಇಲ್ದೇನೂ ನಂಗೆ ಗೊತ್ತಾಗುತ್ತೆ.”

“ನೋಡಿ, ನೋಡಿ. ಬಳೆ ಬೇಡ ಅಂತಾನೇ ಹೇಳ್ತಿದಾಳೆ,” ಅಂದರು ನಿರ್ದೇಶಕರು.

“ಬೇಡ ಅಂತ ಎಲ್ಲಂದೆ? ಯಾವತ್ತೂ ಸರಿಯಾಗೇ ಹಾಕಿದೀನಿ. ಬೇಕಿದ್ರೆ ಅವ್ರನ್ನೇ ಕೇಳಿ. ದಿನಾ ಬರೆದೋರು ಅವ್ರು. ಅವ್ರು ಹೇಳ್ತಾರೆ.”

ಎಲ್ಲರೂ ಪುಕ್ಕಲಣ್ಣನ ಕಡೆ ತಿರುಗಿದರು. ಅವನು ಕಪಾಟಿನ ಪಕ್ಕ, ಗೋಡೆ ಮೂಲೆ ಸೇರುವಲ್ಲಿ ನಿಂತಿದ್ದ. ಕೋಳಿಯಕ್ಕನೂ ನೋಡಿದಳು. ಅವಳ ನೋಟದಲ್ಲಿ ಬೆದರಿಕೆ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಇವನು ಹೇಳಿಯೇ ಹೇಳುತ್ತಾನೆ ಎಂಬ ನಂಬಿಕೆಯಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

“ಏನ್ರೀ, ಅವಳು ಬಳೆ ಅದಲುಬದಲು ಮಾಡಿರಬಹುದಾ?” ಅಂದರು ನಿರ್ದೇಶಕರು.

ಒಂದೇ ಒಂದು ವಾಕ್ಯ ಸಾಕಿತ್ತು. ನಾಲಿಗೆಯ ತುದಿಯವರೆಗೂ ಅದು ಬಂದಿತ್ತು. ಅಣ್ಣನನ್ನು ಎದುರಿಸಿದ್ದ ಬಾಯಿ ಅದು. ಆದರೆ ಅಣ್ಣ ಕೆಲಸದಿಂದ ತೆಗೆಯುವವನಲ್ಲ.

“ಮಾಡಿರಬಹುದು,” ಅಂದ ಪುಕ್ಕಲಣ್ಣ.

ಮಾಡಿದಳು ಎನ್ನಲಿಲ್ಲ ನೋಡಿ. ಅಷ್ಟು ಹೇಳಲೂ ಧೈರ್ಯ ಬೇಕು.

ಕೋಳಿಯಕ್ಕ ತಿರುಗಿ ಮೊಟ್ಟೆ ಕೋಣೆಗೆ ನಡೆದಳು. ವಯಸ್ಸಾದ ತಜ್ಞರು ಇವನನ್ನೇ ಬಹಳ ಹೊತ್ತು ನೋಡಿ, ಊರುಗೋಲು ತೆಗೆದುಕೊಂಡು ಹೊರಟುಹೋದರು. ಅವಳ ಕಾಯಂ ಆಗುವ ಕಡತ ‘ನಂಬಿಕೆಗೆ ಅರ್ಹಳಲ್ಲ’ ಎಂಬ ಷರಾ ಹೊತ್ತು ಹಿಂದೆ ಹೋಯಿತು. ಮುಂದಿನ ತಿಂಗಳ ಒಂದನೆಯ ತಾರೀಕಿನಿಂದ ಬರುವುದು ಬೇಡ ಎಂದು ಹೇಳಿದರು. ಹತ್ತೊಂಬತ್ತು ವರ್ಷ ಕೋಳಿಯ ಹಿಕ್ಕೆ ಬಾಚಿದವಳಿಗೆ ಒಂದು ಕಾಗದವನ್ನೂ ಕೊಡಲಿಲ್ಲ, ಬಾಯಿಮಾತಿನಲ್ಲೇ ಮುಗಿಸಿದರು.

ಉಳಿದವರಿಗೆಲ್ಲ ಒಳ್ಳೆಯದಾಯಿತು. ಡಾಕ್ಟರಮ್ಮ ಕೊನೆಯ ಪುಟಗಳನ್ನು ಕಿತ್ತು ಬಿಸಾಡಿ ಮೊದಲ ಮೂರು ತಿಂಗಳ ಬರಹದ ಮೇಲೆ ಹೊಸ ಲೇಖನ ಬರೆದರು: ಪ್ರತಿ ಪ್ರಾಣಿಗೂ ಹುಟ್ಟಿನಿಂದಲೇ ತನ್ನದೇ ಸ್ವಭಾವವಿದೆ, ಅದು ಬದಲಾಗುವುದಿಲ್ಲ. ಕೋಳಿಯಕ್ಕ ಗುಡಿಸುತ್ತ ಗುಡಿಸುತ್ತ ಹೇಳಿದ್ದೆಲ್ಲ ಅಚ್ಚಾಗಿ ಹೊರಗೆ ಬಂತು. ಕೊನೆಯಲ್ಲಿ ಪುಕ್ಕಲಣ್ಣನ ನಿಜವಾದ ಹೆಸರು ಹಾಕಿ, ‘ಸೂಕ್ಷ್ಮ ದೃಷ್ಟಿಗಾಗಿ’ ಕೃತಜ್ಞತೆ ಸಲ್ಲಿಸಿದರು. ನಿರ್ದೇಶಕರು ಎಲ್ಲ ಕೋಳಿಗಳಿಗೂ ಒಂದೇ ಬಿಳಿ ಬಣ್ಣದ, ಒಂದರಿಂದ ಇಪ್ಪತ್ತನಾಲ್ಕರವರೆಗಿನ ಬಳೆ ತರಿಸಿದರು. ಇನ್ನು ಪುಕ್ಕಲಣ್ಣನ ಗುಟ್ಟು ಅವನು ಸಾಯುವವರೆಗೂ ಭದ್ರ.

ಮನೆಯಲ್ಲಿ ಅಣ್ಣ ಲೇಖನದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಕತ್ತರಿಸಿ, ಜೇಬಿನಲ್ಲಿಟ್ಟುಕೊಂಡು ಬಂದ. “ಬದಲಾಗಲ್ವಂತೆ ಕಣೋ,” ಅಂದ. ಹಿಂದೆಯೇ ಲಾರಿ ಬಂತು. ಈ ಸಲ ಕಮೋಡು ಐದಿದ್ದವು. ಪುಕ್ಕಲಣ್ಣ ಒಂದು ಕಡೆ ಹಿಡಿದು ಇಳಿಸಿದ. ಹೆಂಡತಿ ತನ್ನ ಎರಡು ಕುರ್ಚಿಗಳನ್ನು ಎತ್ತಿಕೊಂಡು ಒಳಗೆ ಹೋದಳು.

ತಿಂಗಳ ಕೊನೆಯ ದಿನ ಕೋಳಿಯಕ್ಕ ಮೊಟ್ಟೆ ಕೋಣೆಯ ಬೀಗದ ಕೈ ಕೊಡಲು ಅವನ ಮೇಜಿನ ಹತ್ತಿರ ಬಂದಳು. ಅವನು ಎದ್ದು ನಿಂತ.

“ಅಕ್ಕಾ, ನಾನು ಹೇಳ್ಬೇಕು ಅಂತಾನೇ ಇದ್ದೆ. ಆಣೆಗೂ ಇದ್ದೆ. ಬಾಯಿಗೆ ಬರ್ಲಿಲ್ಲ. ಏನ್ ಮಾಡ್ಲಿ, ನನ್ನ ಸ್ವಭಾವಾನೇ ಹಾಗೆ. ಹುಟ್ಟಿದಾಗಿಂದ. ಈಗ ಮೇಡಂ ಕೂಡ ಬರೆದಿದಾರಲ್ಲ, ಅದು ನಮ್ಮ ಕೈಲಿರೋದಲ್ಲ ಅಂತ.”

ಕೋಳಿಯಕ್ಕ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು.

“ನಮ್ಮ ಮೂಲೆನೂ ಹುಟ್ಟಿದಾಗಿಂದ ಪುಕ್ಕಲೇ ಸಾರ್. ಎಲ್ಲರ ಹತ್ರಾನೂ ಕುಕ್ಕಿಸ್ಕೊಳ್ತು. ಆದ್ರೆ ತಾನು ತಪ್ಪಿಸ್ಕೊಳ್ಳೋಕೆ ಇನ್ನೊಂದು ಕೋಳೀನ ಯಾವತ್ತೂ ಮುಂದಕ್ಕೆ ತಳ್ಳಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಹಾಗೆ ಮಾಡಿದ ಕೋಳೀನ ನಾನು ನೋಡೇ ಇಲ್ಲ.”

ಅವಳ ದನಿ ಏರಿರಲಿಲ್ಲ. ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. “ಅದಕ್ಕೆ ಮಾತ್ರ ನೀರು ಬೇರೆ ಬಟ್ಟಲಲ್ಲಿ, ಗೋಡೆ ಹತ್ರಾನೇ ಇಡಿ. ಮಧ್ಯದಲ್ಲಿಟ್ರೆ ಅದು ಬರಲ್ಲ, ಬಾಯಾರ್ಕೊಂಡು ಸಾಯುತ್ತೆ. ಮೊಟ್ಟೆ ಕೋಣೆಗೆ ಹಾಕಿದ್ಮೇಲೂ ದಿನಾ ಕದ್ದು ಬಂದು ಇಡ್ತಿದ್ದೆ, ಯಾರಿಗೂ ಹೇಳಿರ್ಲಿಲ್ಲ.” ಅಷ್ಟು ಹೇಳಿ ಹೋದಳು.

ಪುಕ್ಕಲಣ್ಣ ಒಂದು ಬಟ್ಟಲಿನಲ್ಲಿ ನೀರು ತುಂಬಿಕೊಂಡು ಕೋಳಿಮನೆಗೆ ಹೋದ. ಹೊಸ ಬಳೆಗಳಲ್ಲಿ ಮೂಲೆಗೆ ಯಾವ ನಂಬರು ಬಿದ್ದಿದೆಯೋ ಗೊತ್ತಿರಲಿಲ್ಲ, ಆದರೆ ಗೋಡೆಗೆ ಒರಗಿ ನಿಂತಿದ್ದದ್ದು ಒಂದೇ ಕೋಳಿ. ಮೊದಲ ಸಲ ಅದರ ಮುಖ ನೋಡಿದ. ಕೊಕ್ಕು ತೆರೆದುಕೊಂಡಿತ್ತು, ನೆತ್ತಿಯ ಮೇಲೆ ಹಳೆಯ ಗಾಯದ ಕಲೆಗಳಿದ್ದವು. ಬಟ್ಟಲನ್ನು ಅದರ ಕಾಲ ಬಳಿ ಇಟ್ಟು ಹಿಂದೆ ಸರಿದ. ಅದು ಒಂದು ಹೆಜ್ಜೆ ಮುಂದಿಟ್ಟಿತು. ಅಷ್ಟರಲ್ಲಿ ಇನ್‌ಸ್ಪೆಕ್ಟರು ಎಲ್ಲಿಂದಲೋ ನುಗ್ಗಿ ಬಂದು, ಮೂಲೆಯ ನೆತ್ತಿಗೊಂದು ಕೊಟ್ಟು, ಬಟ್ಟಲಿಗೆ ಕೊಕ್ಕು ಹಾಕಿದಳು.

“ಶ್,” ಅಂದ ಪುಕ್ಕಲಣ್ಣ.

ಇನ್‌ಸ್ಪೆಕ್ಟರು ತಲೆಯೆತ್ತಿ, ಕತ್ತು ಓರೆ ಮಾಡಿ, ಒಂದೇ ಕಣ್ಣಿನಿಂದ ಅವನನ್ನು ದಿಟ್ಟಿಸಿದಳು. ಅವನು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ತಂತಿಬಲೆಯ ಬಾಗಿಲನ್ನು ತನ್ನ ಕಡೆಯಿಂದ ಹಾಕಿಕೊಂಡ. ಅವಳು ನಿಧಾನವಾಗಿ, ಒಂದೊಂದೇ ಗುಟುಕು, ಬಟ್ಟಲು ಖಾಲಿಯಾಗುವವರೆಗೆ ಕುಡಿದಳು. ಗೋಡೆಯ ಬಳಿ ಮೂಲೆ, ಬಲೆಯ ಈಚೆ ಪುಕ್ಕಲಣ್ಣ, ಇಬ್ಬರೂ ನೋಡುತ್ತ ನಿಂತಿದ್ದರು.